ಜಾಗೃತಿ ಸಭೆಯಿಂದ ತಮ್ಮ ಅರ್ಧಕ್ಕೇ ಎದ್ದು ಹೋದ. ಮುಂದಿನ ಸಲ ಏನು ಮಾಡಲಿ?

ಕೊನೆಸಾಲಿನಕುರ್ಚಿ ಕೇಳಿದ್ದು:

ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನ್ನ ತಮ್ಮನಿಗೆ ಎಚ್‌ಐವಿ ಇದೆ. ಗೊತ್ತಾಗಿ ಆರು ವರ್ಷ ಆಯಿತು. ದಿನಕ್ಕೊಂದು ಮಾತ್ರೆ ತಗೊಳ್ಳುತ್ತಾನೆ, ಕೆಲಸಕ್ಕೆ ಹೋಗುತ್ತಾನೆ, ಮೆಟ್ಟಿಲು ಹತ್ತುವಾಗ ನಾನು ಏದುಸಿರು ಬಿಟ್ಟರೆ ನಗುತ್ತಾನೆ. ಐದು ವರ್ಷದಿಂದ ಪ್ರತಿ ಪರೀಕ್ಷೆಯಲ್ಲೂ ವೈರಸ್ ಪತ್ತೆಯಾಗದ ಮಟ್ಟದಲ್ಲೇ ಇದೆ. ಮನೆಯಲ್ಲಿ ಈ ವಿಷಯ ಗೊತ್ತಿರುವುದು ನನಗೊಬ್ಬಳಿಗೆ. ಇಲ್ಲಿ ಬರೆಯುವುದಕ್ಕೆ ಅವನನ್ನು ಕೇಳಿದ್ದೇನೆ. ಊರು, ವಯಸ್ಸು, ಕೆಲಸ ಯಾವುದೂ ಬರಬಾರದು ಅಂತ ಷರತ್ತು ಹಾಕಿದ್ದಾನೆ.

ನಾವು ಹತ್ತು ಜನರ ಸಣ್ಣ ತಂಡ. ರಕ್ತದಾನ ಶಿಬಿರ, ಕಣ್ಣಿನ ತಪಾಸಣೆ ಇಂಥವನ್ನು ಮಾಡುತ್ತಿರುತ್ತೇವೆ. ಈ ಸಲ ಡಿಸೆಂಬರ್ 1ಕ್ಕೆ, ವಿಶ್ವ ಏಡ್ಸ್ ದಿನಕ್ಕೆ, ಎಚ್‌ಐವಿ ಬಗ್ಗೆ ಸಭೆ ಇಡೋಣ ಅಂತ ಹೇಳಿದವಳು ನಾನೇ. ಕಾರಣ ಯಾರಿಗೂ ಹೇಳಲಿಲ್ಲ. ಅರವತ್ತು ಕುರ್ಚಿ ಹಾಕಿದ್ದೆವು, ನಲವತ್ತು ತುಂಬಿದವು. ಕೆಂಪು ರಿಬ್ಬನ್ ಕತ್ತರಿಸಿ ಪಿನ್ನು ಹಾಕಿ ಹಂಚಿದೆವು. ತಮ್ಮನನ್ನೂ ಕರೆದಿದ್ದೆ. ಬಂದು ಕೊನೆಯ ಸಾಲಿನಲ್ಲಿ ಕೂತಿದ್ದ.

ಏನೇನಾಯಿತು ಅಂತ ಈಗ ನೆನೆಸಿಕೊಂಡರೆ ಮೈ ಹಿಡಿಯಾಗುತ್ತೆ. ಬಾಗಿಲಲ್ಲಿ ಕಪ್ಪು ಪೋಸ್ಟರ್, ಅದರ ಮೇಲೆ ತಲೆಬುರುಡೆ, ಕೆಳಗೆ "ಮಾರಕ ಏಡ್ಸ್ – ಎಚ್ಚರ!" ಅಂತ. ಅಂತರ್ಜಾಲದಲ್ಲಿ ಸಿದ್ಧವಾಗಿ ಸಿಕ್ಕಿತು ಅಂತ ನಮ್ಮವರು ಅದನ್ನೇ ಛಾಪಿಸಿದ್ದರು. ಭಾಷಣಕ್ಕೆ ಬಂದ ಡಾಕ್ಟರು ಒಳ್ಳೆಯ ಮನುಷ್ಯರೇ. ಆದರೆ ಎಲುಬು ಕಾಣುವ ಹಳೇ ಕಾಲದ ಫೋಟೋಗಳನ್ನು ಒಂದಾದ ಮೇಲೊಂದು ತೋರಿಸಿದರು. "ನಡತೆ ಸರಿಯಾಗಿದ್ದರೆ ಇದು ಹತ್ತಿರವೂ ಸುಳಿಯಲ್ಲ" ಅಂದರು. ಆಮೇಲೆ ನಮ್ಮ ಕಾರ್ಯದರ್ಶಿ ಎದ್ದು ನಿಂತು, ಏನೂ ತಪ್ಪು ಮಾಡದ ಅಮಾಯಕ ಮಕ್ಕಳಿಗೂ ಈ ಶಿಕ್ಷೆ ಬಂತಲ್ಲಾ ಅಂತ ಗದ್ಗದಿತರಾದರು. ನಾನು ತಿರುಗಿ ನೋಡುವಷ್ಟರಲ್ಲಿ ಕೊನೆಯ ಸಾಲಿನ ಕುರ್ಚಿ ಖಾಲಿ.

ರಾತ್ರಿ ಫೋನ್ ಮಾಡಿದೆ. "ಅಕ್ಕಾ, ಆ ನಲವತ್ತು ಜನಕ್ಕೆ ನಿನ್ನೆವರೆಗೆ ಎಚ್‌ಐವಿ ಬಗ್ಗೆ ಏನೂ ಗೊತ್ತಿರಲಿಲ್ಲ. ಇವತ್ತು ಹೆದರೋದು ಹೇಗೆ ಅಂತ ಗೊತ್ತಾಯ್ತು" ಅಂದ. ಕೋಪದಲ್ಲಿ ಹೇಳಿದ್ದರೆ ತಡ್ಕೋತಿದ್ದೆ. ನಗುತ್ತಾ ಹೇಳಿದ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಮೊದಲು ಗೊತ್ತಾದಾಗ ನಾನೂ ಅವನ ತಟ್ಟೆಯನ್ನು ಬೇರೆ ಇಟ್ಟು ಬಿಸಿನೀರಲ್ಲಿ ತೊಳೆಯುತ್ತಿದ್ದೆ. ಎರಡು ತಿಂಗಳು. ಹಾಗೆ ಹರಡಲ್ಲ ಅಂತ ಗೊತ್ತಿತ್ತು, ಆದರೂ ತೊಳೆಯುತ್ತಿದ್ದೆ. ಅವನು ಒಂದು ದಿನವೂ ಕೇಳಲಿಲ್ಲ. ಊಟ ಆದ ಮೇಲೆ ತಟ್ಟೆಯನ್ನು ತಾನೇ ತೊಳೆದು ಇಡೋದಕ್ಕೆ ಶುರು ಮಾಡಿದ, ಅಷ್ಟೇ. ಹಾಗಾಗಿ ಡಾಕ್ಟರನ್ನೋ ಕಾರ್ಯದರ್ಶಿಯನ್ನೋ ಬೈಯುವ ಹಕ್ಕು ನನಗಿಲ್ಲ.

ತಂಡದವರು ಮಾರ್ಚ್‌ನಲ್ಲಿ ಇನ್ನೊಂದು ಸಭೆ ಮಾಡೋಣ ಅನ್ನುತ್ತಿದ್ದಾರೆ. ಮೊದಲನೆಯದು "ತುಂಬಾ ಚೆನ್ನಾಗಿ" ಆಯಿತಂತೆ. ಹೇಗೆ ಮಾಡಲಿ? ತಮ್ಮನನ್ನೇ ಮಾತಾಡೋಕೆ ಕೇಳಲಾ? ಅಥವಾ ಸುಮ್ನೆ ಬಿಟ್ಟುಬಿಡಲಾ?

---

ಹತ್ತಿಉಂಡೆ:

ಬಿಡಬೇಡಿ. ತಮ್ಮನನ್ನು ಕೇಳಲೂ ಬೇಡಿ.

ಮೊದಲು ನನ್ನ ಹೆಸರಿನ ಕಥೆ ಹೇಳುತ್ತೇನೆ. ನನಗೆ ಎಚ್‌ಐವಿ ಇದೆ ಅಂತ ಗೊತ್ತಾಗಿ ಹದಿನಾಲ್ಕು ವರ್ಷ. ಮಾತ್ರೆ ಡಬ್ಬಿಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ನಡೆದರೆ ಗಲಗಲ ಅನ್ನುತ್ತೆ. ಯಾರಾದರೂ "ಏನಮ್ಮಾ ಅದು" ಅಂದರೆ? ಅದಕ್ಕೆ ಡಬ್ಬಿಯೊಳಗೆ ಒಂದು ಹತ್ತಿ ಉಂಡೆ ತುರುಕುತ್ತಿದ್ದೆ. ಚೀಟಿ ಕಿತ್ತು ವಿಟಮಿನ್ ಚೀಟಿ ಅಂಟಿಸುತ್ತಿದ್ದೆ. ಆ ದಿನಗಳಲ್ಲಿ ನನ್ನ ಆರೋಗ್ಯ ಚೆನ್ನಾಗೇ ಇತ್ತು. ಸದ್ದಿನ ಭಯಕ್ಕೆ ಒದ್ದಾಡಿದಷ್ಟು ವೈರಸ್ಸಿಗೆ ಒದ್ದಾಡಲಿಲ್ಲ. ಈಗ ಬೇರೆಯವರಿಗೆ ಜೊತೆಗಾರ್ತಿಯಾಗಿ ಕೆಲಸ ಮಾಡುತ್ತೇನೆ. ಹೊಸದಾಗಿ ಗೊತ್ತಾದವರ ಪಕ್ಕದಲ್ಲಿ ಕೂರುವುದೇ ಕೆಲಸ.

ನಿಮ್ಮ ಸಭೆಯಲ್ಲಿ ಮಾಹಿತಿ ತಪ್ಪಿತ್ತು ಅನ್ನುವುದಕ್ಕಿಂತ, ಯಾರಿಗಾಗಿ ಮಾತಾಡುತ್ತಿದ್ದೇವೆ ಅನ್ನುವ ಲೆಕ್ಕ ತಪ್ಪಿತ್ತು. ನಲವತ್ತು ಜನರಲ್ಲಿ ಯಾರಿಗೂ ಎಚ್‌ಐವಿ ಇಲ್ಲ ಅಂದುಕೊಂಡೇ ಎಲ್ಲವನ್ನೂ ಸಿದ್ಧ ಮಾಡಿದ್ದಿರಿ. ಜಗತ್ತಿನಲ್ಲಿ ಸುಮಾರು 4 ಕೋಟಿ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದೇವೆ. ಯಾವ ಸಭೆಯಲ್ಲಾದರೂ ಒಬ್ಬರು ಕೂತಿದ್ದಾರೆ ಅಂದುಕೊಂಡು ಪೋಸ್ಟರ್ ಬರೆದು ನೋಡಿ, ತಲೆಬುರುಡೆ ತಾನಾಗೇ ಹೋಗುತ್ತೆ. ನಿಮಗೆ ಅದು ರೋಗದ ಚಿತ್ರ. ತಮ್ಮನಿಗೆ ಅದು ಕನ್ನಡಿ ಅಂತ ತೋರಿಸಿದ ಹಾಗಾಯಿತು.

ಪದಗಳ ವಿಷಯಕ್ಕೆ ಬರೋಣ. 1983ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಒಂದು ಆರೋಗ್ಯ ಸಮ್ಮೇಳನ ನಡೆಯಿತು. ಆಗ ಔಷಧಿ ಇರಲಿಲ್ಲ, ವೈರಸ್ಸಿಗೆ ಎಚ್‌ಐವಿ ಅನ್ನುವ ಹೆಸರೂ ಬಂದಿರಲಿಲ್ಲ. ಏಡ್ಸ್ ಇದ್ದ ಕೆಲವರು ವೇದಿಕೆ ಹತ್ತಿ ಒಂದು ಪಟ್ಟಿ ಓದಿದರು. ನಮ್ಮನ್ನು ಬಲಿಪಶುಗಳು ಅನ್ನಬೇಡಿ, ಅದು ಸೋತವರಿಗೆ ಹೇಳುವ ಮಾತು. ನಾವು ರೋಗಿಗಳಾಗಿರುವುದೂ ಆಗೊಮ್ಮೆ ಈಗೊಮ್ಮೆ ಮಾತ್ರ. ನಾವು ಏಡ್ಸ್ ಇರುವ ಜನ. ನಮ್ಮ ಬಗ್ಗೆ ತೀರ್ಮಾನ ಆಗುವ ಪ್ರತಿ ಕಡೆಯಲ್ಲೂ ನಾವಿರಬೇಕು. ಡೆನ್ವರ್ ತತ್ವಗಳು ಅಂತ ಅದಕ್ಕೆ ಹೆಸರು ಬಂತು. ಬದುಕಲು ಎಷ್ಟು ದಿನ ಉಳಿದಿದೆ ಅಂತ ಗೊತ್ತಿಲ್ಲದವರು ಮೊದಲು ಕೇಳಿದ್ದು ಪದ ಸರಿಮಾಡಿ ಅಂತ, ನೋಡಿ. ನಲವತ್ತು ವರ್ಷ ದಾಟಿದ ಮೇಲೂ ಕನ್ನಡದಲ್ಲಿ "ಏಡ್ಸ್ ರೋಗಿ", "ಏಡ್ಸ್ ಪೀಡಿತೆ" ಓಡಾಡುತ್ತಲೇ ಇವೆ. ನನಗೆ ಏಡ್ಸ್ ಯಾವತ್ತೂ ಆಗಿಲ್ಲ. ಎಚ್‌ಐವಿ ಅಂದರೆ ವೈರಸ್, ಏಡ್ಸ್ ಅಂದರೆ ಚಿಕಿತ್ಸೆ ಸಿಗದೆ ರೋಗನಿರೋಧಕ ಶಕ್ತಿ ತೀರಾ ಕುಸಿದಾಗ ಬರುವ ಹಂತ.

ಇನ್ನು "ಅಮಾಯಕ ಮಕ್ಕಳು". ನನ್ನನ್ನು ಜಾಸ್ತಿ ಚುಚ್ಚುವ ಪದ ಇದೇ. ಹೇಳುವವರಿಗೆ ಕರುಣೆ ಇರುತ್ತೆ, ನಿಜ. ಆದರೆ ಮಕ್ಕಳು ಅಮಾಯಕರಾದರೆ ಮಿಕ್ಕವರು ಯಾರು? ಒಂದು ಸಭೆಯಲ್ಲಿ ನಾನು ಕೈ ಎತ್ತಿ ಇದನ್ನೇ ಕೇಳಿದೆ. ಸಭೆ ಗಪ್‌ಚುಪ್. ನನಗೆ ಹೇಗೆ ಬಂತು ಅಂತ ನಾನು ಎಲ್ಲೂ ಹೇಳಲ್ಲ, ಇಲ್ಲೂ ಹೇಳಲ್ಲ. ಗಂಡನಿಂದ ಅಂದರೆ "ಅಯ್ಯೋ ಪಾಪ" ಅನ್ನುತ್ತೀರಿ, ಬೇರೆ ಏನಾದರೂ ಅಂದರೆ "ಓ ಹಾಗಾ" ಅನ್ನುತ್ತೀರಿ. ಎರಡೂ ನನಗೆ ಬೇಡ.

ತಮ್ಮನ ವಿಷಯ. ಅವನ ಗುಟ್ಟು ಅವನದು. ನೀವು ಕೇಳಿದರೆ ಅಕ್ಕ ಕೇಳಿದಳಲ್ಲ ಅಂತ ಒಪ್ಪಿಕೊಂಡಾನು. ಮರುದಿನ ಆ ನಲವತ್ತು ಜನ ಅವನನ್ನು ಎಲ್ಲೆಲ್ಲಿ ನೋಡುತ್ತಾರೆ ಯೋಚಿಸಿ. ವೇದಿಕೆ ಮೇಲೆ ಹೇಳಿದ್ದನ್ನು ವಾಪಸ್ ತಗೊಳ್ಳೋಕೆ ಆಗಲ್ಲ. ಹೇಳಿಕೊಳ್ಳೋಕೆ ತಯಾರಾಗಿ, ಅದಕ್ಕೆ ತರಬೇತಿ ಪಡೆದು ಬರುವವರು ಎಚ್‌ಐವಿ ಜೊತೆ ಬದುಕುತ್ತಿರುವವರ ಸಂಘಗಳಲ್ಲಿ ಇರುತ್ತಾರೆ. ಅವರನ್ನು ಕರೆಯಿರಿ. ಬರೀ "ಅನುಭವ ಹಂಚಿಕೊಳ್ಳಿ" ಅಂತಲ್ಲ, ಸಭೆಯನ್ನು ಯೋಜಿಸುವಾಗಲೇ. ಡಾಕ್ಟರಿಗೆ ಕೊಡುವ ಗೌರವಧನವನ್ನೇ ಅವರಿಗೂ ಕೊಡಿ. ಇದನ್ನು ಎಲ್ಲರೂ ಮರೆಯುತ್ತಾರೆ.

---

ರಾತ್ರಿಪಾಳಿ:

ನಾನು ನರ್ಸ್. ನಿಮ್ಮ ತಟ್ಟೆಯ ಕಥೆ ಓದಿ ನನ್ನದನ್ನು ಹೇಳಬೇಕು ಅನ್ನಿಸಿತು.

ಹಿಂದೆ ನಾನಿದ್ದ ಒಂದು ವಾರ್ಡಿನಲ್ಲಿ ಎಚ್‌ಐವಿ ಇರುವವರ ಫೈಲಿನ ಮೇಲೆ ಕೆಂಪು ಚುಕ್ಕಿ ಇಡುತ್ತಿದ್ದರು. "ನಮ್ಮವರಿಗೆ ಗೊತ್ತಿರಲಿ" ಅಂತ. ಆ ಚುಕ್ಕಿ ಏನು ಅಂತ ಕಸ ಗುಡಿಸುವವರಿಂದ ಹಿಡಿದು ಪಕ್ಕದ ಹಾಸಿಗೆಯವರ ನೆಂಟರವರೆಗೆ ಎಲ್ಲರಿಗೂ ಗೊತ್ತಿತ್ತು. ನಾನೂ ಆ ಹಾಸಿಗೆಗೆ ಹೋಗುವಾಗ ಎರಡು ಜೊತೆ ಗ್ಲೌಸ್ ಹಾಕಿಕೊಳ್ಳುತ್ತಿದ್ದೆ, ಬಿಪಿ ನೋಡೋದಕ್ಕೂ! ಒಂದು ರಾತ್ರಿ ಒಬ್ಬ ಅಜ್ಜಿ ನನ್ನ ಕೈ ನೋಡಿ "ಮಗಾ, ಪಕ್ಕದವರಿಗೆ ಬರಿಗೈಲಿ ನೋಡಿದೆಯಲ್ಲ" ಅಂದರು. ಉತ್ತರ ಕೊಡೋಕೆ ಬಾಯಿ ಬರಲಿಲ್ಲ.

ಪಾಠದಲ್ಲಿ ನಾವು ಓದಿದ್ದು ಇದರ ಉಲ್ಟಾ. ರಕ್ತ ಮುಟ್ಟುವ ಕೆಲಸ ಇದ್ದರೆ ಪ್ರತಿಯೊಬ್ಬರಿಗೂ ಅದೇ ಗ್ಲೌಸ್, ಅದೇ ಎಚ್ಚರಿಕೆ. ಯಾರಿಗೆ ಏನಿದೆ ಅಂತ ಗೊತ್ತಿರಬೇಕಾಗಿಯೇ ಇಲ್ಲ. 1980ರ ದಶಕದಿಂದಲೇ ಈ ನಿಯಮ ಇದೆ. ಅದು ಸಿಬ್ಬಂದಿಗೂ ಜಾಸ್ತಿ ಸುರಕ್ಷಿತ, ಯಾಕೆಂದರೆ ತನಗೆ ಎಚ್‌ಐವಿ ಇದೆ ಅಂತ ಇನ್ನೂ ಗೊತ್ತಿಲ್ಲದವರ ಫೈಲಿನ ಮೇಲೆ ಚುಕ್ಕಿ ಎಲ್ಲಿಂದ ಬರುತ್ತೆ? ಅಕಸ್ಮಾತ್ ಸೂಜಿ ಚುಚ್ಚಿದರೂ 72 ಗಂಟೆಯೊಳಗೆ, ಅದರಲ್ಲೂ ಎಷ್ಟು ಬೇಗ ಆದರೆ ಅಷ್ಟು ಬೇಗ, ಸೋಂಕು ತಗಲದ ಹಾಗೆ ತಡೆಯುವ ಪೆಪ್ ಅನ್ನುವ ಔಷಧಿ ಶುರು ಮಾಡಿ 28 ದಿನ ತಗೊಳ್ಳಬಹುದು.

1987ರಲ್ಲಿ ರಾಜಕುಮಾರಿ ಡಯಾನಾ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಏಡ್ಸ್ ಇದ್ದವರೊಬ್ಬರ ಕೈಯನ್ನು ಗ್ಲೌಸ್ ಇಲ್ಲದೆ ಕುಲುಕಿದ ಫೋಟೋ ನೋಡಿರುತ್ತೀರಿ. ಎಲ್ಲರೂ ಆಕೆಯ ಕೈಯನ್ನೇ ನೋಡುತ್ತಾರೆ. ನಾನು ತರಬೇತಿ ಕೊಡುವಾಗ ಆ ಮನುಷ್ಯನ ಬೆನ್ನು ತೋರಿಸುತ್ತೇನೆ. ಮುಖ ಕಾಣದ ಹಾಗೆ ಹಿಂದಿನಿಂದ ತೆಗೆದರೆ ಮಾತ್ರ ಫೋಟೋಗೆ ಒಪ್ಪಿಗೆ ಅಂತ ಅವರು ಹೇಳಿದ್ದರು. ಕೈ ಕುಲುಕಿದ್ದು ದೊಡ್ಡದೇ, ಆದರೂ ಮುಖ ತೋರಿಸುವ ಧೈರ್ಯ ಆ ಕೋಣೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ನಿಮ್ಮ ಮುಂದಿನ ಸಭೆಗೆ ಆರೋಗ್ಯ ಸಿಬ್ಬಂದಿಯನ್ನೂ ಕೂರಿಸಿ, ಭಾಷಣಕ್ಕಲ್ಲ, ಕೇಳೋದಕ್ಕೆ. ನಮಗೆ ಇದರ ಅಗತ್ಯ ಜಾಸ್ತಿ ಇದೆ.

---

ನೇರಮಾತು:

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ನಾನು ಸ್ವಲ್ಪ ಅಡ್ಡ ಬರುತ್ತೇನೆ. ಭಯವೇ ಇಲ್ಲದಿದ್ದರೆ ಜನ ಎಚ್ಚರ ತಪ್ಪಲ್ವಾ? "ಮಾತ್ರೆ ತಗೊಂಡರೆ ಹರಡಲ್ಲ" ಅಂತ ಮೈಕಿನಲ್ಲಿ ಹೇಳಿದರೆ ಏನಾಗಬಹುದು ಯೋಚಿಸಿ. ಗೌರವದಿಂದ ನಡೆದುಕೊಳ್ಳಬೇಕು, ಒಪ್ಪುತ್ತೇನೆ. ಆದರೆ ಅಪಾಯವನ್ನು ಮುಚ್ಚಿಡಬಾರದು.

---

ಹತ್ತಿಉಂಡೆ:

@ನೇರಮಾತು ಪ್ರಶ್ನೆ ಸರಿಯೇ, ಇದನ್ನು ನನಗೆ ವಾರಕ್ಕೊಬ್ಬರು ಕೇಳುತ್ತಾರೆ. ಮುಚ್ಚಿಡುವುದು ಏನೂ ಇಲ್ಲ. ಲೆಕ್ಕವನ್ನೇ ಹೇಳುತ್ತೇನೆ.

ಪಾರ್ಟ್‌ನರ್ ಅಂತ ಒಂದು ಅಧ್ಯಯನ ಯುರೋಪಿನಲ್ಲಿ ನಡೆಯಿತು. ಜೋಡಿಯಲ್ಲಿ ಒಬ್ಬರಿಗೆ ಎಚ್‌ಐವಿ ಇದೆ, ಚಿಕಿತ್ಸೆಯಿಂದ ವೈರಸ್ ಹತೋಟಿಯಲ್ಲಿದೆ, ಇನ್ನೊಬ್ಬರಿಗೆ ಇಲ್ಲ. 2016ರಲ್ಲಿ ಬಂದ ಫಲಿತಾಂಶದಲ್ಲಿ ಇಂಥ 888 ಜೋಡಿಗಳು, ಕಾಂಡೋಮ್ ಇಲ್ಲದೆ ಸುಮಾರು 58,000 ಸಲ ಸೇರಿದ್ದಾರೆ. ಸಂಗಾತಿಯಿಂದ ಹರಡಿದ್ದು ಸೊನ್ನೆ. 2019ರಲ್ಲಿ ಎರಡನೇ ಹಂತದ ಫಲಿತಾಂಶ ಬಂತು, ಗಂಡು-ಗಂಡು ಜೋಡಿಗಳದ್ದು, ಸುಮಾರು 76,000 ಸಲ. ಮತ್ತೆ ಸೊನ್ನೆ. "ಯು ಈಕ್ವಲ್ಸ್ ಯು" ಅನ್ನುತ್ತಾರಲ್ಲ, ಪತ್ತೆಯಾಗದಿದ್ದರೆ ಹರಡುವುದಿಲ್ಲ ಅಂತ, ಅದರ ಬುನಾದಿ ಇಂಥ ಅಧ್ಯಯನಗಳು.

ಇದಕ್ಕೆ ಮಿತಿ ಇದೆ, ಅದನ್ನೂ ಮೈಕಿನಲ್ಲೇ ಹೇಳಬೇಕು. ಮಾತ್ರೆ ಶುರು ಮಾಡಿದ ಮರುದಿನ ಇದು ಆಗಲ್ಲ, ವೈರಸ್ ಆ ಮಟ್ಟಕ್ಕೆ ಇಳಿಯೋಕೆ ಆರು ತಿಂಗಳವರೆಗೂ ಬೇಕಾಗಬಹುದು. ಇಳಿದಿದೆ ಅಂತ ಪರೀಕ್ಷೆಯಲ್ಲಿ ಗೊತ್ತಾಗಬೇಕು. ಮಾತ್ರೆ ಬಿಟ್ಟರೆ ವೈರಸ್ ಮತ್ತೆ ಏರುತ್ತೆ. ಈ ಸೊನ್ನೆ ಲೈಂಗಿಕ ಸಂಪರ್ಕಕ್ಕೆ ಮಾತ್ರ ಹೇಳಿದ್ದು, ಸೂಜಿ ಹಂಚಿಕೊಳ್ಳುವುದಕ್ಕಲ್ಲ. ಬೇರೆ ಲೈಂಗಿಕ ಸೋಂಕುಗಳನ್ನು ಈ ಮಾತ್ರೆ ತಡೆಯಲ್ಲ, ಅದಕ್ಕೆ ಕಾಂಡೋಮ್ ಬೇಕೇ ಬೇಕು.

ಈಗ ಭಯದ ವಿಷಯ. ಹೆದರಿದವರು ಏನು ಮಾಡುತ್ತಾರೆ ಅಂತ ನಾನು ದಿನಾ ನೋಡುತ್ತೇನೆ. ಪರೀಕ್ಷೆಗೇ ಬರಲ್ಲ. ಬಂದರೂ ಫಲಿತಾಂಶ ತಗೊಳ್ಳೋಕೆ ಬರಲ್ಲ. ಮನೆಗೆ ನೆಂಟರು ಬಂದರೆ ಮಾತ್ರೆ ತಪ್ಪಿಸುತ್ತಾರೆ, ಡಬ್ಬಿ ಕಾಣುತ್ತೆ ಅಂತ. ವೈರಸ್ ಹರಡುವುದು ಹೀಗೆ ತಪ್ಪಿಹೋದವರ ನಡುವೆ. "ಮಾತ್ರೆ ತಗೊಂಡರೆ ನನ್ನಿಂದ ಯಾರಿಗೂ ಹರಡಲ್ಲ" ಅಂತ ಗೊತ್ತಾದ ದಿನ ಒಬ್ಬ ಹುಡುಗ ನನ್ನೆದುರು ಗಡಿಯಾರದ ಅಲಾರಂ ಇಟ್ಟುಕೊಂಡ. ಅಲ್ಲಿಂದ ಒಂದು ದಿನ ತಪ್ಪಿಸಿಲ್ಲ ಅಂತಾನೆ. ನಾನು ನಂಬುತ್ತೇನೆ.

---

ಎರಡನೇ_ಹೆಸರು:

ನಾನು ಟ್ರಾನ್ಸ್ ಹೆಣ್ಣು. ಸಭೆ ಹೇಗಿರಬೇಕು ಅನ್ನುವುದಕ್ಕಿಂತ ಸಭೆ ಮುಗಿದ ಮೇಲೆ ಜನ ಎಲ್ಲಿಗೆ ಹೋಗುತ್ತಾರೆ ಅನ್ನೋದರ ಬಗ್ಗೆ ಹೇಳುತ್ತೇನೆ.

"ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಿ" ಅಂತ ಒಂದು ಸಭೆಯಲ್ಲಿ ಕೇಳಿ ನಾನು ಹೋದೆ. ಗಂಡಸರಿಗೊಂದು ಸಾಲು, ಹೆಂಗಸರಿಗೊಂದು ಸಾಲು. ಹೆಂಗಸರ ಸಾಲಲ್ಲಿ ನಿಂತೆ, ಅಲ್ಲಿದ್ದವರು ಸರಿದು ನಿಂತರು. ಅಷ್ಟು ಸಾಲದು ಅಂತ ಒಳಗಿಂದ ನನ್ನ ಹಳೇ ಹೆಸರನ್ನು ಗಟ್ಟಿಯಾಗಿ ಕೂಗಿದರು. ಎದ್ದು ಬಂದುಬಿಟ್ಟೆ. ಎರಡನೇ ಸಲವೂ ಅದೇ. ಮೂರನೇ ಸಲ ನನ್ನ ಗೆಳತಿಯೊಬ್ಬಳು ಜೊತೆಗೆ ಬಂದಳು. ಅವಳು ಅಲ್ಲಿನ ಜನರ ಜೊತೆ ಮೊದಲೇ ಮಾತಾಡಿದ್ದಳು, ಹೆಸರಿನ ಬದಲು ನಂಬರ್ ಕೂಗಿದರು. ಐದು ನಿಮಿಷದ ಕೆಲಸ. ನಂಬರ್ ಕೂಗೋದಕ್ಕೆ ಯಾವ ಬಜೆಟ್ ಬೇಕು ಹೇಳಿ?

ಆದ್ದರಿಂದ "ಸಮುದಾಯ" ಅಂತ ಒಂದೇ ಪದದಲ್ಲಿ ಎಲ್ಲರನ್ನೂ ಕಟ್ಟಬೇಡಿ. ಲೈಂಗಿಕ ವೃತ್ತಿಯವರಿಗೆ ಬೆಳಗ್ಗೆ ಹತ್ತು ಗಂಟೆ ಸಭೆ ಆಗಲ್ಲ. ಡ್ರಗ್ಸ್ ಚುಚ್ಚಿಕೊಳ್ಳುವವರು ಪೊಲೀಸ್ ಅತಿಥಿ ಇರುವ ಕಡೆ ಬರಲ್ಲ. ಗಂಡು-ಗಂಡು ಸಂಬಂಧದಲ್ಲಿ ಇರುವವರು ತಮ್ಮನ್ನು ಯಾವ ಹೆಸರಿನಿಂದಲೂ ಕರೆದುಕೊಳ್ಳದೆ ಇರಬಹುದು. ಕಿವಿ ಕೇಳದವರಿಗೆ ಸನ್ನೆ ಭಾಷೆಯವರು ಬೇಕು, ಅದಕ್ಕೆ ಮನೆಯವರನ್ನೇ ಕರೆದರೆ ಗುಟ್ಟು ಎಲ್ಲಿ ಉಳಿಯುತ್ತೆ? ವಯಸ್ಸಾದವರನ್ನಂತೂ ಯಾರೂ ಕೇಳುವುದೇ ಇಲ್ಲ, ಐವತ್ತು ದಾಟಿದರೆ ಎಚ್‌ಐವಿ ಪರೀಕ್ಷೆ ಯಾಕೆ ಅಂತ ಡಾಕ್ಟರುಗಳೇ ಅಂದುಕೊಳ್ಳುತ್ತಾರೆ. ಚಿಕಿತ್ಸೆ ಬಂದ ಮೇಲೆ ಎಚ್‌ಐವಿ ಇರುವವರೂ ಮುದುಕರಾಗುತ್ತಿದ್ದಾರಲ್ಲ, ಒಳ್ಳೆಯ ಸುದ್ದಿ ಅದು!

ಈಗ ಎಚ್‌ಐವಿ ಬಾರದ ಹಾಗೆ ಮೊದಲೇ ತಗೊಳ್ಳುವ ಪ್ರೆಪ್ ಇದೆ. ಲೆನಕಾಪವಿರ್ ಅನ್ನುವ ಇಂಜೆಕ್ಷನ್ ಆರು ತಿಂಗಳಿಗೊಂದು ಸಲ ಸಾಕು, ವಿಶ್ವ ಆರೋಗ್ಯ ಸಂಸ್ಥೆ 2025ರ ಜುಲೈನಲ್ಲಿ ಶಿಫಾರಸು ಮಾಡಿದೆ. ಕೇಳೋಕೆ ಖುಷಿ. ಆದರೆ ಅದಕ್ಕೂ ಅದೇ ಬಾಗಿಲು ದಾಟಬೇಕು, ಅದೇ ಸಾಲಲ್ಲಿ ನಿಲ್ಲಬೇಕು. ಔಷಧಿ ವೇಗವಾಗಿ ಬರುತ್ತಿದೆ, ಸಾಲು ಮಾತ್ರ ಹಳೆಯದೇ.

---

ಹತ್ತಿಉಂಡೆ:

@ಎರಡನೇ_ಹೆಸರು ನಂಬರ್ ಕೂಗುವ ಐಡಿಯಾ ನಾಳೆಯೇ ನಮ್ಮಲ್ಲಿ ಹೇಳುತ್ತೇನೆ.

ಕೊನೆಸಾಲಿನಕುರ್ಚಿಯವರೇ, ಒಂದು ಬಿಟ್ಟುಹೋಗಿತ್ತು. ಮೊದಲನೆಯದು "ತುಂಬಾ ಚೆನ್ನಾಗಿ" ಆಯಿತು ಅಂತ ನಿಮ್ಮ ತಂಡ ಹೇಳಿತಲ್ಲ, ಅದನ್ನು ಅಳೆದದ್ದು ಹೇಗೆ? ಕುರ್ಚಿ ಎಣಿಸಿ, ಅಲ್ವಾ? 2008ರಿಂದ "ಸ್ಟಿಗ್ಮಾ ಇಂಡೆಕ್ಸ್" ಅಂತ, ಎಚ್‌ಐವಿ ಇರುವವರು ಎದುರಿಸುವ ಕಳಂಕ, ತಾರತಮ್ಯವನ್ನು ಅಳೆಯುವ ಒಂದು ಸಮೀಕ್ಷೆ ಹಲವಾರು ದೇಶಗಳಲ್ಲಿ ನಡೆಯುತ್ತಿದೆ. ಅದರಲ್ಲಿ ಪ್ರಶ್ನೆ ಕೇಳುವವರಿಗೂ ಎಚ್‌ಐವಿ ಇರುತ್ತೆ, ಉತ್ತರ ಹೇಳುವವರಿಗೂ. ಹೊರಗಿನವರ ಮುಂದೆ ಬಾಯಿ ಬಿಡದ ವಿಷಯ ಅಲ್ಲಿ ಬರುತ್ತೆ. ನಿಮ್ಮಲ್ಲಿ ಸಮೀಕ್ಷೆ ಬೇಡ. ಒಬ್ಬನನ್ನು ಕೇಳಿದರೆ ಸಾಕು, ಸಭೆಗೆ ಮುಂಚೆ.

---

ಕೊನೆಸಾಲಿನಕುರ್ಚಿ:

ಎಲ್ಲ ಉತ್ತರಗಳನ್ನೂ ತಮ್ಮನಿಗೆ ಕಳಿಸಿದೆ. ಎರಡು ದಿನ ಸುಮ್ಮನಿದ್ದ. ನಿನ್ನೆ ಮನೆಗೆ ಬಂದ, ಹಳೇ ಪೋಸ್ಟರ್ ಇದೆಯಾ ಅಂದ. ಮಂಚದ ಕೆಳಗೆ ಸುತ್ತಿಟ್ಟಿದ್ದೆ, ತೆಗೆದುಕೊಟ್ಟೆ. ಹಿಂಬದಿ ಬಿಳಿ ಇತ್ತು. ಅಲ್ಲೇ ನೆಲದ ಮೇಲೆ ಕೂತು ಪೆನ್ಸಿಲ್ಲಿನಲ್ಲಿ ಬರೆಯೋಕೆ ಶುರು ಮಾಡಿದ. ಮೇಲೆ "ಎಚ್‌ಐವಿ: ಕೇಳಬೇಕು ಅನ್ನಿಸಿದ್ದನ್ನು ಕೇಳಿ" ಅಂತ ಬರೆದ. ಆಮೇಲೆ ಅದನ್ನೂ ಅಳಿಸಿದ. ಬಾಗಿಲ ಮೇಲೆ ಎಚ್‌ಐವಿ ಅಂತ ಇದ್ದರೆ ಒಳಗೆ ಬರೋಕೆ ಧೈರ್ಯ ಬೇಕು, "ಆರೋಗ್ಯದ ಮಾತುಕತೆ" ಅಂತಷ್ಟೇ ಹಾಕು ಅಂದ. ಹಾಗೆ ಹಾಕಿದರೆ ನಾವೇ ಬಚ್ಚಿಟ್ಟ ಹಾಗಾಗಲ್ವಾ ಅಂತ ನಾನು. ಅರ್ಧ ಗಂಟೆ ಜಗಳ ಆಡಿದೆವು. ಇನ್ನೂ ಮುಗಿದಿಲ್ಲ, ನಿಮ್ಮ ಅಭಿಪ್ರಾಯ ಬೇಕು.

ಸಂಘದ ಇಬ್ಬರು ಯೋಜನೆ ಮಾಡೋಕೇ ಬರುತ್ತೇವೆ ಅಂದಿದ್ದಾರೆ. ಗೌರವಧನದ ಮಾತು ಎತ್ತಿದಾಗ ನಮ್ಮ ಕಾರ್ಯದರ್ಶಿ ಮುಖ ಗಂಟುಹಾಕಿದರು, ಆಮೇಲೆ ಒಪ್ಪಿದರು. "ಅಮಾಯಕ" ಪದದ ಬಗ್ಗೆ ಹೇಳಿದ್ದಕ್ಕೆ ಅವರು ಬೇಜಾರು ಮಾಡ್ಕೊಂಡಿದ್ದಾರೆ. ಸರಿಹೋಗುತ್ತಾರೆ ಅಂತ ಕಾಣುತ್ತೆ.

ತಟ್ಟೆಯ ವಿಷಯ ಇಲ್ಲಿ ಬರೆದದ್ದನ್ನೂ ತಮ್ಮ ಓದಿದ್ದಾನೆ. ಅದರ ಬಗ್ಗೆ ಏನೂ ಹೇಳಲಿಲ್ಲ. ಊಟ ಆದ ಮೇಲೆ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದ.

---

ಎರಡನೇ_ಹೆಸರು:

ಬಾಗಿಲಿಗೆ ನನ್ನ ಓಟು ತಮ್ಮನ ಕಡೆಗೆ. ಹೊರಗೆ "ಆರೋಗ್ಯದ ಮಾತುಕತೆ" ಇರಲಿ, ಒಳಗೆ ಹೋದ ಮೇಲೆ ಮೊದಲ ವಾಕ್ಯದಲ್ಲೇ ಎಚ್‌ಐವಿ ಅಂತ ಹೇಳಿ. ಹಾಂ, ಕುರ್ಚಿಗಳನ್ನು ಸಾಲಾಗಿ ಹಾಕಬೇಡಿ, ಸುತ್ತ ಹಾಕಿ. ಕೊನೆಯ ಸಾಲು ಅಂತ ಇರಲ್ಲ.